ಗುಜರಿಯಲ್ಲಿ ಹುಟ್ಟಿದ ರೋಡ್‌ಸ್ಟರ್

ಉರ್ದುವಿನಲ್ಲಿ ‘ಶೌಕ್’ ಎಂಬ ಮಾತಿದೆ. ಒಂದು ಕೆಲಸದ ಮೇಲಿನ ತೀರದ ಆಸೆ, ಲಾಭ ನಷ್ಟ ನೋಡದೆ ಅದರಲ್ಲಿ ಮುಳುಗಿಬಿಡುವ ಮನಸ್ಸು, ಇಷ್ಟೂ ಆ ಮಾತಿನೊಳಗೆ ಸೇರುತ್ತದೆ. ಅದೇ ಮಾತು ಕನ್ನಡಕ್ಕೆ ಬರುವಾಗ ‘ಶೋಕಿ’ಯಾಯಿತು. ಬರುವ ದಾರಿಯಲ್ಲಿ ಅರ್ಥವೂ ಸವೆದು, ಮೈಮೇಲಿನ ಬಟ್ಟೆಯನ್ನೂ ಕೈಯಲ್ಲಿನ ವಾಚನ್ನೂ ನಾಲ್ಕು ಜನರಿಗೆ ತೋರಿಸುತ್ತ ತಿರುಗುವವನ ಸ್ವಭಾವಕ್ಕೆ ಹೆಸರಾಗಿ ಉಳಿಯಿತು. ಅಮೆರಿಕದ ಹಾಟ್ ರಾಡ್ ಕಾರುಗಳ ಚರಿತ್ರೆಯನ್ನು ಬರೆಯಲು ಹೊರಟರೆ ಈ ಎರಡು ಮಾತೂ ನಮಗೆ ಬೇಕಾಗುತ್ತವೆ. ಯಾವುದು ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಆರಂಭವಾಯಿತೆಂದು ಹೇಳುವುದು ಮಾತ್ರ ಅಷ್ಟು ಸುಲಭವಲ್ಲ.

ಹಾಟ್ ರಾಡ್ ಎಂದರೆ ಹಳೆಯ, ಅಗ್ಗದ ಕಾರೊಂದನ್ನು ಬಿಚ್ಚಿ, ಬೇಡವಾದದ್ದನ್ನೆಲ್ಲ ಕಿತ್ತುಹಾಕಿ, ಎಂಜಿನ್ನಿಗೆ ಹೆಚ್ಚಿನ ಕಸುವು ತುಂಬಿ, ವೇಗಕ್ಕಾಗಿಯೇ ಮತ್ತೆ ಕಟ್ಟಿದ ಬಂಡಿ. ರೋಡ್‌ಸ್ಟರ್ ಎಂದರೆ ಇಬ್ಬರು ಕೂರುವ, ಮೇಲ್ಛಾವಣಿಯಾಗಲಿ ಪಕ್ಕದ ಗಾಜುಗಳಾಗಲಿ ಇಲ್ಲದ ಕಾರು. ಮಳೆ ಬಂದರೆ ಎಳೆದುಕೊಳ್ಳಲು ಒಂದು ಬಟ್ಟೆಯ ಮುಸುಕು ಇದ್ದರೆ ಅದೇ ಹೆಚ್ಚು. ಇಂಥ ಕಾರುಗಳನ್ನು ಇಂದಿಗೂ ಕಟ್ಟುವವರಿದ್ದಾರೆ. ಅವರಲ್ಲಿ ಒಂದು ಪಂಗಡ ವಿಶೇಷ ನೇಮದವರದು. ಅವರು ಮೊದಲು ಒಂದು ಇಸವಿಯನ್ನು ಗೊತ್ತುಮಾಡಿಕೊಳ್ಳುತ್ತಾರೆ. ಅದು 1948 ಎಂದಿಟ್ಟುಕೊಳ್ಳೋಣ. ಆಮೇಲೆ ಆ ಇಸವಿಯ ನಂತರ ಬಂದ ಒಂದೇ ಒಂದು ಬೋಲ್ಟನ್ನೂ ಕಾರಿಗೆ ಹಾಕುವುದಿಲ್ಲ. 1948ರಲ್ಲಿ ಲಾಸ್ ಏಂಜಲೀಸಿನ ಒಬ್ಬ ಹುಡುಗ ತನ್ನ ಸಂಬಳದಲ್ಲಿ, ತನ್ನ ಊರಿನ ಗುಜರಿಯಲ್ಲಿ ಏನನ್ನು ಕೊಳ್ಳಬಹುದಾಗಿತ್ತೋ ಅದರಿಂದಲೇ ಕಾರು ಏಳಬೇಕು. ಅದು ಅವರ ಪ್ರತಿಜ್ಞೆ.

ಕೇಳಿದವರಿಗೆ ಇದು ಹುಚ್ಚಾಟವೆನಿಸಬಹುದು. ಆದರೆ ಅಂಥ ಕಾರೊಂದರ ಮುಂದೆ ನಿಂತು, ತಿಳಿದವರ ಕಣ್ಣಿನಿಂದ ನೋಡಿದರೆ ಅದು ಕಾರಿಗಿಂತ ಹೆಚ್ಚಾಗಿ ಒಂದು ದಸ್ತಾವೇಜಿನಂತೆ ಕಾಣುತ್ತದೆ. ಚಾಸಿ 1932ರ ಫೋರ್ಡಿನದು. ಬ್ರೇಕು ಮಾತ್ರ 1939ರದು, ಏಕೆಂದರೆ ಹೆನ್ರಿ ಫೋರ್ಡ್ ಹೈಡ್ರಾಲಿಕ್ ಬ್ರೇಕನ್ನು ಒಪ್ಪಿಕೊಂಡದ್ದೇ ಆ ಮಾದರಿಯಿಂದ. ಅಲ್ಲಿಯತನಕ ಆತ ಸರಳು ತಂತಿಗಳ ಬ್ರೇಕನ್ನೇ ಹಟ ಹಿಡಿದು ಮುಂದುವರಿಸಿದ್ದ. ಸ್ಟೀರಿಂಗಿನ ಪೆಟ್ಟಿಗೆ 1940ರ ಫೋರ್ಡಿನಿಂದ ಬಂದದ್ದು. ಗೇರ್‌ಬಾಕ್ಸು 1939ರದು, ಅದರೊಳಗಿನ ಹಲ್ಲುಗಳು ದುಬಾರಿ ಲಿಂಕನ್ ಜೆಫರ್ ಕಾರಿನವು. ಹಿಂದಿನ ಕೆಂಪು ದೀಪಗಳು ಕಣ್ಣೀರ ಹನಿಯ ಆಕಾರದವು, ಅವೂ 1939ರ ಕಾರಿನಿಂದಲೇ. ಎಂಜಿನ್ನಿನ ಮೇಲೆ ಎರಡು ಸ್ಟ್ರಾಂಬರ್ಗ್ 97 ಕಾರ್ಬೊರೇಟರುಗಳು. ಅದರ ಗಾಳಿಯ ಕೊಳವೆಯ ಅತಿ ಕಿರಿದಾದ ಜಾಗ ಒಂದು ಅಂಗುಲದ ನೂರರಲ್ಲಿ 97 ಭಾಗ ಇದ್ದುದರಿಂದ ಅದಕ್ಕೆ ಆ ಹೆಸರು. ಮುಂದೆ ಸಣ್ಣ ಟೈರು, ಹಿಂದೆ ದೊಡ್ಡದು. ಇವುಗಳಲ್ಲಿ ಒಂದೂ ಅಲಂಕಾರಕ್ಕೆಂದು ಬಂದದ್ದಲ್ಲ. ಹಿಂದಿನ ಟೈರು ದೊಡ್ಡದಾದರೆ ಎಂಜಿನ್ನಿನ ಒಂದು ಸುತ್ತಿಗೆ ಕಾರು ಹೆಚ್ಚು ದೂರ ಓಡುತ್ತದೆ. ಮುಂದಿನದು ಚಿಕ್ಕದಾದರೆ ಮೂತಿ ತಗ್ಗಿ ಗಾಳಿಯ ತಡೆ ಕಡಿಮೆಯಾಗುತ್ತದೆ. ಇವತ್ತು ನಾವು ಅಂದವೆಂದು ಮೆಚ್ಚುವ ಮುಂದಕ್ಕೆ ಬಾಗಿದ ಆ ನಿಲುವು ಹುಟ್ಟಿದ್ದು ಲೆಕ್ಕಾಚಾರದಿಂದ.

ಇಷ್ಟೆಲ್ಲ ಇಸವಿಗಳ ನಡುವೆ 1932ಕ್ಕೇ ಏಕೆ ಅಷ್ಟು ಮಹತ್ವವೆಂಬುದನ್ನು ಹೇಳಬೇಕು. ಫೋರ್ಡಿನ ಟಿ ಮಾದರಿ 1908ರಿಂದ 1927ರವರೆಗೆ ಸುಮಾರು ಒಂದೂವರೆ ಕೋಟಿ ಸಂಖ್ಯೆಯಲ್ಲಿ ತಯಾರಾಯಿತು. ಅದರ ನಂತರ ಬಂದ ಎ ಮಾದರಿ 1931ರವರೆಗೆ ಹತ್ತಿರ ಹತ್ತಿರ 50 ಲಕ್ಷ. ಎರಡಕ್ಕೂ ನಾಲ್ಕು ಸಿಲಿಂಡರಿನ ಸಾಧು ಎಂಜಿನ್ನು. ಎಂಟು ಸಿಲಿಂಡರು ಎಂಬುದು ಶ್ರೀಮಂತರ ಕಾರುಗಳ ಮಾತಾಗಿತ್ತು. ಹೆನ್ರಿ ಫೋರ್ಡ್ ಎಂಟು ಸಿಲಿಂಡರುಗಳ ಎಂಜಿನ್ನಿನ ಒಡಲನ್ನು ಒಂದೇ ಎರಕದಲ್ಲಿ ಅಗ್ಗವಾಗಿ ತಯಾರಿಸುವ ಹಟ ತೊಟ್ಟ. ಎರಕ ಒಡೆಯಿತು, ಮತ್ತೆ ಹೊಯ್ದರು, ಮತ್ತೆ ಒಡೆಯಿತು. ಕೊನೆಗೆ 1932ರ ಮಾರ್ಚಿಯಲ್ಲಿ 221 ಘನ ಅಂಗುಲದ, 65 ಅಶ್ವಶಕ್ತಿಯ ವಿ-8 ಎಂಜಿನ್ನು ಪೇಟೆಗೆ ಬಂದಿತು. ಆ ಎಂಜಿನ್ನಿನ ರೋಡ್‌ಸ್ಟರಿನ ಬೆಲೆ 460 ಡಾಲರ್. ಆ ವರ್ಷದ ಕಾರಿನ ಇನ್ನೊಂದು ವಿಶೇಷ ಚಾಸಿಯಲ್ಲಿತ್ತು. ಬೇರೆ ವರ್ಷದ ಫೋರ್ಡುಗಳಲ್ಲಿ ಚಾಸಿಯ ಪಕ್ಕದ ತೊಲೆಗಳನ್ನು ತಗಡಿನಿಂದ ಮುಚ್ಚುತ್ತಿದ್ದರು. 1932ರದರಲ್ಲಿ ಆ ತೊಲೆಯೇ ಹೊರಗೆ ಕಾಣುವಂತಿದ್ದು, ಅದರ ಮೈಮೇಲೆ ಉದ್ದಕ್ಕೂ ಒಂದು ಬಾಗಿದ ಗೀರನ್ನು ಒತ್ತಿ ಮೂಡಿಸಿದ್ದರು. ಹೀಗಾಗಿ ಮಡ್ಗಾರ್ಡುಗಳನ್ನು ಕಿತ್ತ ಮೇಲೂ ಕಾರು ಬೋಳುಬೋಳಾಗಿ ಕಾಣಲಿಲ್ಲ. ಆ ರೂಪದಲ್ಲಿ ಹೆನ್ರಿಯ ಮಗ ಎಡ್ಸೆಲ್ ಫೋರ್ಡಿನ ಅಭಿರುಚಿಯ ಪಾಲು ದೊಡ್ಡದು.

ಅದೇ ಮಾರ್ಚಿಯ ಇನ್ನೊಂದು ಘಟನೆಯನ್ನು ಕಾರುಗಳ ಪುಸ್ತಕಗಳು ಸಾಮಾನ್ಯವಾಗಿ ಹೇಳುವುದಿಲ್ಲ. ನಾವು ಹೇಳದೆ ಮುಂದೆ ಹೋಗಲಾರೆವು. ಅದು ಮಹಾ ಆರ್ಥಿಕ ಕುಸಿತದ ಕಾಲ. ಮಾರ್ಚ್ 7ರಂದು ಡೆಟ್ರಾಯಿಟಿನ ನಿರುದ್ಯೋಗಿ ಕಾರ್ಮಿಕರು ಕೆಲಸ ಕೊಡಿ, ಚಳಿಗೆ ಇದ್ದಿಲು ಕೊಡಿ ಎಂದು ಕೇಳುತ್ತ ಡಿಯರ್‌ಬಾರ್ನಿನ ಫೋರ್ಡ್ ರೂಜ್ ಕಾರ್ಖಾನೆಯತ್ತ ನಡೆದರು. ಪೊಲೀಸರೂ ಕಾರ್ಖಾನೆಯ ಕಾವಲಿನವರೂ ಗುಂಡು ಹಾರಿಸಿದರು. ನಾಲ್ವರು ಅಲ್ಲೇ ಸತ್ತರು, ಐದನೆಯವನು ಗಾಯದಿಂದ ಆಮೇಲೆ ತೀರಿಕೊಂಡ. ಚರಿತ್ರೆಯಲ್ಲಿ ಅದಕ್ಕೆ ‘ಹಸಿವಿನ ಮೆರವಣಿಗೆ’ ಎಂದು ಹೆಸರು. ಹೊಸ ವಿ-8 ಕಾರು ಜನರ ಮುಂದೆ ಬಂದದ್ದು ಅದಾಗಿ ಸುಮಾರು ಮೂರು ವಾರಕ್ಕೆ. ಆ ಎಂಜಿನ್ನಿನ ಒಡಲು ರೂಜ್‌ನ ಎರಕದ ಮನೆಯಲ್ಲಿ ತಯಾರಾಯಿತು. ಕಾರ್ಖಾನೆಯಲ್ಲೆಲ್ಲ ಅತ್ಯಂತ ಬಿಸಿಯ, ಹೊಗೆಯ, ಅಪಾಯದ ಕೆಲಸ ಅಲ್ಲಿಯದೇ. ದಕ್ಷಿಣ ರಾಜ್ಯಗಳಿಂದ ಬಂದ ಕಪ್ಪು ಕಾರ್ಮಿಕರನ್ನು ಹೆಚ್ಚಾಗಿ ಅಲ್ಲಿಗೇ ಹಾಕುತ್ತಿದ್ದರು. ಲೆಬನಾನ್, ಸಿರಿಯಾ, ಯೆಮನ್‌ಗಳಿಂದ ಹೋದ ಅರಬರೂ ಫೋರ್ಡಿನ ಕಾರ್ಖಾನೆಗಳಲ್ಲಿ ದುಡಿದರು. ಡಿಯರ್‌ಬಾರ್ನಿನಲ್ಲಿ ಇಂದು ಕಾಣುವ ದೊಡ್ಡ ಅರಬ್ ವಸತಿಯ ಬೇರು ಅಲ್ಲಿದೆ. ಪೂರ್ವದ ಈ ಕಾರ್ಖಾನೆ ಮತ್ತು ಪಶ್ಚಿಮದ ಆ ಮರುಭೂಮಿ, ಎರಡೂ ಸೇರಿದರೆ ಮಾತ್ರ ಹಾಟ್ ರಾಡಿನ ಕಥೆ ಪೂರ್ತಿಯಾಗುತ್ತದೆಂದು ನಮ್ಮ ಅಭಿಪ್ರಾಯ.

ಇನ್ನು ಮರುಭೂಮಿ. ಲಾಸ್ ಏಂಜಲೀಸಿನಿಂದ ಉತ್ತರಕ್ಕೆ ಬೆಟ್ಟ ದಾಟಿ ಸುಮಾರು ನೂರು ಮೈಲಿ ಹೋದರೆ ಮೊಜಾವೆ ಮರುಭೂಮಿಯಲ್ಲಿ ಒಣಗಿದ ಕೆರೆಗಳಿವೆ. ಮಳೆಗಾಲದಲ್ಲಿ ತೆಳ್ಳಗೆ ನೀರು ನಿಂತು, ಗಾಳಿಗೆ ಅತ್ತಿತ್ತ ಹೊಯ್ದಾಡಿ, ಬೇಸಿಗೆಯಲ್ಲಿ ಆರಿದಾಗ ನೆಲ ಸಗಣಿ ಸಾರಿಸಿದ ಅಂಗಳದಂತೆ ನುಣ್ಣಗಾಗುತ್ತದೆ. ಮ್ಯುರಾಕ್, ರೋಸಮಂಡ್, ಹಾರ್ಪರ್, ಎಲ್ ಮಿರಾಜ್ ಎಂದು ಅವುಗಳ ಹೆಸರು. ಮ್ಯುರಾಕ್ ಎಂಬುದು ಅಲ್ಲಿ ನೆಲೆಸಿದ್ದ ಕೋರಮ್ ಎಂಬ ಮನೆತನದ ಹೆಸರಿನ ಅಕ್ಷರಗಳನ್ನು ಹಿಂದುಮುಂದು ಮಾಡಿದ್ದು. ಅಲ್ಲಿ ತಿರುವಿಲ್ಲ, ಮರವಿಲ್ಲ, ಎದುರಿಗೆ ಬರುವವರಿಲ್ಲ. ಕಾರು ಎಷ್ಟು ಓಡಬಲ್ಲದೋ ಅಷ್ಟನ್ನು ಅಳೆಯಬಹುದಾದ ಜಾಗ.

ಅಲ್ಲಿಗೆ ಹೋಗುತ್ತಿದ್ದವರು ಗ್ಯಾರೇಜಿನಲ್ಲಿ, ಪೆಟ್ರೋಲ್ ಬಂಕಿನಲ್ಲಿ, ಲೇತಿನ ಮುಂದೆ ದುಡಿಯುವ ಹುಡುಗರು. ಅವರ ಕೈಗೆ ಸಿಕ್ಕುತ್ತಿದ್ದುದು ಹತ್ತು ಇಪ್ಪತ್ತು ಡಾಲರಿನ ಹಳೆಯ ಟಿ ಅಥವಾ ಎ ಮಾದರಿ. ಅಪಘಾತದಲ್ಲಿ ನುಜ್ಜಾಗಿ ಗುಜರಿಗೆ ಬಂದ ಹೊಸ ಫೋರ್ಡಿನಿಂದ ವಿ-8 ಎಂಜಿನ್ನನ್ನು ಇಳಿಸಿ, ಅದನ್ನು ಎ ಮಾದರಿಯ ಹಗುರ ಮೈಗೆ ಏರಿಸುತ್ತಿದ್ದರು. ಶನಿವಾರ ಕೆಲಸ ಮುಗಿಸಿ ರಾತ್ರಿ ಅದೇ ಕಾರಿನಲ್ಲಿ ಮರುಭೂಮಿ ಸೇರುವುದು, ನೆಲದ ಮೇಲೆಯೇ ಮಲಗುವುದು, ಬೆಳಗಿನ ತಂಪಿನಲ್ಲಿ ಗಾಳಿ ಏಳುವ ಮುನ್ನ ಮುಂದಿನ ಗಾಜು, ದೀಪ, ಮಡ್ಗಾರ್ಡುಗಳನ್ನು ಬಿಚ್ಚಿ ಓಡಿಸುವುದು, ಸಂಜೆ ಮತ್ತೆ ಜೋಡಿಸಿಕೊಂಡು ಮನೆಗೆ ಬರುವುದು, ಸೋಮವಾರ ಅದೇ ಕಾರಿನಲ್ಲಿ ಕೆಲಸಕ್ಕೆ ಹೋಗುವುದು. ವಿಕ್ ಎಡೆಲ್‌ಬ್ರಾಕ್ ಎಂಬ ಗ್ಯಾರೇಜಿನವನ 1932ರ ರೋಡ್‌ಸ್ಟರ್ ಹೀಗೆ ದಿನದ ಬಂಡಿಯೂ ಹೌದು, ಪಂದ್ಯದ ಬಂಡಿಯೂ ಹೌದು. ಆ ಕಾರಿಗೆಂದು ಆತ ತಯಾರಿಸಿದ ಎರಡು ಕಾರ್ಬೊರೇಟರಿನ ಮ್ಯಾನಿಫೋಲ್ಡನ್ನು ಸ್ನೇಹಿತರು ತಮಗೂ ಬೇಕೆಂದು ಕೇಳಿದರು. ಅಲ್ಲಿಂದ ಒಂದು ದೊಡ್ಡ ಕಂಪೆನಿಯೇ ಬೆಳೆಯಿತು.

ಫೋರ್ಡಿನ ವಿ-8 ಈ ಹುಡುಗರಿಗೆ ಒಗ್ಗಿದ್ದಕ್ಕೆ ಕಾರಣ ಅದರ ಸರಳತೆ. ವಾಲ್ವುಗಳು ಸಿಲಿಂಡರಿನ ಪಕ್ಕದಲ್ಲಿ, ಒಡಲಿನೊಳಗೇ ಇರುತ್ತಿದ್ದವು. ಮೇಲಿನ ಹೆಡ್ಡು ಎಂದರೆ ಬರಿಯ ಚಪ್ಪಟೆ ಮುಚ್ಚಳ. ಆದ್ದರಿಂದಲೇ ಅದನ್ನು ‘ಫ್ಲಾಟ್‌ಹೆಡ್’ ಎಂದು ಕರೆದರು. ಮುಚ್ಚಳ ತೆಗೆದರೆ ಎಲ್ಲವೂ ಕಣ್ಣಿಗೆ ಕಾಣುತ್ತದೆ, ಕೈಗೆ ಸಿಗುತ್ತದೆ. ಸಿಲಿಂಡರನ್ನು ಕೊರೆದು ಹಿಗ್ಗಿಸಬಹುದು, ಹೆಡ್ಡನ್ನು ಉಜ್ಜಿ ಒತ್ತಡ ಹೆಚ್ಚಿಸಬಹುದು, ಕ್ಯಾಮ್‌ಶಾಫ್ಟನ್ನು ಸಾಣೆ ಹಿಡಿದು ವಾಲ್ವುಗಳು ಹೆಚ್ಚು ಹೊತ್ತು ತೆರೆದಿರುವಂತೆ ಮಾಡಬಹುದು. ಅದಕ್ಕೊಂದು ಹುಟ್ಟುರೋಗವೂ ಇತ್ತು. ಸುಟ್ಟ ಹೊಗೆ ಒಡಲಿನ ನಡುವಿನಿಂದಲೇ ಹಾದು ಹೊರಬರುತ್ತಿದ್ದುದರಿಂದ ನೀರು ಬೇಗ ಕುದಿಯುತ್ತಿತ್ತು, ಎರಕ ಸೀಳುತ್ತಿತ್ತು. ಇಂದು ಫ್ಲಾಟ್‌ಹೆಡ್ ಹಾಕಿ ಕಾರು ಕಟ್ಟುವವರು ಬೇಸಿಗೆಯ ಟ್ರಾಫಿಕ್ಕಿನಲ್ಲಿ ಈ ರೋಗವನ್ನೂ ಕಾಲಕ್ಕೆ ಸರಿಯಾಗಿಯೇ ಅನುಭವಿಸುತ್ತಾರೆ.

1937ರಲ್ಲಿ ಹಲವು ಕ್ಲಬ್ಬುಗಳು ಕೂಡಿ ದಕ್ಷಿಣ ಕ್ಯಾಲಿಫೋರ್ನಿಯಾ ಟೈಮಿಂಗ್ ಅಸೋಸಿಯೇಶನ್ ಕಟ್ಟಿಕೊಂಡವು. ಅವರ ಮೊದಲ ಕೂಟ ನಡೆದದ್ದು 1938ರಲ್ಲಿ, ಮ್ಯುರಾಕಿನಲ್ಲಿ. ಆರಂಭದ ವರ್ಷಗಳಲ್ಲಿ ಅಲ್ಲಿ ಛಾವಣಿ ಇರುವ ಕಾರುಗಳಿಗೆ ಪ್ರವೇಶವೇ ಇರಲಿಲ್ಲ. ರೋಡ್‌ಸ್ಟರಿಗೆ ಸಿಕ್ಕ ಗೌರವಕ್ಕೆ ಇದೂ ಒಂದು ಕಾರಣ.

ಆಮೇಲೆ ಯುದ್ಧ ಬಂದಿತು. ಮ್ಯುರಾಕ್ ಸೈನ್ಯದ ಪಾಲಾಯಿತು. ಇಂದಿನ ಎಡ್ವರ್ಡ್ಸ್ ವಾಯುನೆಲೆ ಅದೇ. ಹುಡುಗರು ಸಮವಸ್ತ್ರ ತೊಟ್ಟು ಹೋದರು. ಆದರೆ ಆ ಕೆರೆಯಂಗಳದಲ್ಲಿ ಓಡಿಸಿದವರಲ್ಲಿ ಜಪಾನೀ ಮೂಲದ ಅಮೆರಿಕನ್ ಹುಡುಗರೂ ಇದ್ದರು. ಅವರ ತಂದೆಗಳು ತರಕಾರಿ ಬೆಳೆಯುವವರು, ತೋಟ ನೋಡಿಕೊಳ್ಳುವವರು, ಮೀನು ಹಿಡಿಯುವವರು. 1942ರ ಫೆಬ್ರವರಿ 19ರಂದು ಅಧ್ಯಕ್ಷ ರೂಸ್‌ವೆಲ್ಟ್ ಸಹಿ ಹಾಕಿದ 9066ನೆಯ ಆದೇಶದ ಪರಿಣಾಮವಾಗಿ ಸುಮಾರು 1 ಲಕ್ಷ 20 ಸಾವಿರ ಜನರನ್ನು, ಅವರಲ್ಲಿ ಮೂರರಲ್ಲಿ ಎರಡು ಪಾಲು ಅಮೆರಿಕದ ಪ್ರಜೆಗಳೇ ಆಗಿದ್ದರೂ, ಮುಳ್ಳುತಂತಿಯ ಶಿಬಿರಗಳಿಗೆ ಸಾಗಿಸಲಾಯಿತು. ಕೈಯಲ್ಲಿ ಹಿಡಿಯುವಷ್ಟನ್ನು ಮಾತ್ರ ಒಯ್ಯಲು ಅಪ್ಪಣೆ. ಅಂಗಡಿ, ಹೊಲ, ಪಿಯಾನೊ, ಕಾರು ಎಲ್ಲವೂ ಕೇಳಿದವರು ಕೊಟ್ಟ ಬೆಲೆಗೆ ಹೋದವು. ಆ ಶಿಬಿರಗಳಲ್ಲೊಂದಾದ ಮಂಜನಾರ್ ಇದ್ದದ್ದು ಹುಡುಗರು ಮರುಭೂಮಿಗೆ ಹೋಗುತ್ತಿದ್ದ ದಿಕ್ಕಿನಲ್ಲೇ, ಇನ್ನೂ ಉತ್ತರಕ್ಕೆ. 2025ರಲ್ಲಿ ಜಪಾನೀ ಅಮೆರಿಕನ್ ರಾಷ್ಟ್ರೀಯ ಮ್ಯೂಸಿಯಂ ಪಾಸಡೀನಾದಲ್ಲಿ ಈ ಸಮುದಾಯದ ಕಾರುಪ್ರೇಮದ ಮೇಲೆಯೇ ಒಂದು ಪ್ರದರ್ಶನ ನಡೆಸಿತು. 1941ರ ಇಸವಿಗೆ ನಿಷ್ಠವಾಗಿ ಕಾರು ಕಟ್ಟುವವರು ಇಂಥದನ್ನು ನೆನಪಿಟ್ಟುಕೊಳ್ಳಬೇಕಾಗುತ್ತದೆ. ಬೋಲ್ಟಿಗೆ ಇಸವಿ ಇರುವಂತೆ ಮನುಷ್ಯರಿಗೂ ಇಸವಿ ಇದೆ.

ಯುದ್ಧ ಮುಗಿಸಿ ಬಂದವರು ಹೊಸ ಕಸುಬು ಕಲಿತು ಬಂದಿದ್ದರು. ವಿಮಾನದ ಎಂಜಿನ್ನು ಬಿಚ್ಚಿ ಜೋಡಿಸಿದ ಕೈಗೆ ಫ್ಲಾಟ್‌ಹೆಡ್ ಯಾವ ಲೆಕ್ಕ? ಯುದ್ಧವಿಮಾನಗಳ ರೆಕ್ಕೆಯಡಿ ತೂಗುಹಾಕುತ್ತಿದ್ದ ಹೆಚ್ಚುವರಿ ಇಂಧನದ ತೊಟ್ಟಿಗಳು ಸೈನ್ಯದ ಗುಜರಿಯಲ್ಲಿ ಕಾಸಿಗೆ ಸಿಗುತ್ತಿದ್ದವು. ಬಿಲ್ ಬರ್ಕ್ ಎಂಬಾತ 1946ರಲ್ಲಿ ಅಂಥದೊಂದು ತೊಟ್ಟಿಯೊಳಗೆ ಎಂಜಿನ್ನಿಟ್ಟು, ತಾನೂ ಕೂತು, ಕೆರೆಯ ಮೇಲೆ ಓಡಿಸಿದ. ಅದೇ ವರ್ಷ ಅಲೆಕ್ಸ್ ಜಿಡಿಯಾಸ್ ಎಂಬ ತರುಣ ಬರ್ಬ್ಯಾಂಕಿನಲ್ಲಿ ಸೋ-ಕ್ಯಾಲ್ ಸ್ಪೀಡ್ ಶಾಪ್ ತೆರೆದ. ಎಡ್ ಇಸ್ಕೆಂಡೇರಿಯನ್ ಎಂಬ ಅರ್ಮೇನಿಯನ್ ಮನೆತನದ ಹುಡುಗ, ವಾಯುಸೇನೆಯಿಂದ ಬಂದವನು, ಹಳೆಯ ಸಾಣೆಯಂತ್ರವೊಂದನ್ನು ಕ್ಯಾಮ್‌ಶಾಫ್ಟ್ ಕಡೆಯಲು ತಕ್ಕಂತೆ ಮಾರ್ಪಡಿಸಿಕೊಂಡು ಅದರಿಂದಲೇ ಹೆಸರಾದ. ಇಂಜಿನಿಯರಿಂಗ್ ಕಾಲೇಜಿನ ಮೆಟ್ಟಿಲು ಹತ್ತದೆ ಇವರೆಲ್ಲ ಉಸ್ತಾದರಾದರು.

ಊರಿನ ಜನಕ್ಕೆ ಮಾತ್ರ ಇವರು ಪೋಲಿಗಳು. ಪತ್ರಿಕೆಗಳು ‘ಹಾಟ್ ರಾಡ್’ ಎಂಬ ಮಾತನ್ನು ಬಳಸುತ್ತಿದ್ದುದೇ ಬೈಗುಳದಂತೆ. ಹಿಂದೆ ಹುಡುಗರು ತಮ್ಮ ಕಾರನ್ನು ‘ಗೌ ಜಾಬ್’ ಎಂದು ಕರೆದುಕೊಳ್ಳುತ್ತಿದ್ದರು. ಬೀದಿಯಲ್ಲಿ ರಾತ್ರಿ ಪಂದ್ಯ ಕಟ್ಟಿ ಸತ್ತವರೂ, ಸಾಯಿಸಿದವರೂ ಇದ್ದರೆಂಬುದನ್ನು ಮರೆಮಾಚಬಾರದು. ಪೊಲೀಸರು ಮಡ್ಗಾರ್ಡಿಲ್ಲವೆಂದು ಚೀಟಿ ಹರಿದು ಕೊಡುತ್ತಿದ್ದರು. ಈ ಕೆಟ್ಟ ಹೆಸರನ್ನೇ ರಾಬರ್ಟ್ ಪೀಟರ್ಸನ್ ಎಂಬ ಇಪ್ಪತ್ತೊಂದರ ತರುಣ 1948ರ ಜನವರಿಯಲ್ಲಿ ತನ್ನ ಹೊಸ ಮಾಸಿಕಕ್ಕೆ ಇಟ್ಟುಬಿಟ್ಟ. ಅದರ ಸಂಪಾದಕನಾಗಿ ಬಂದ ವಾಲಿ ಪಾರ್ಕ್ಸ್ 1951ರಲ್ಲಿ ರಾಷ್ಟ್ರೀಯ ಹಾಟ್ ರಾಡ್ ಅಸೋಸಿಯೇಶನ್ ಹುಟ್ಟುಹಾಕಿ, ಬೀದಿಯ ಪಂದ್ಯವನ್ನು ನಿಯಮದ ಪಂದ್ಯವಾಗಿ ಮಾಡಲು ಹೊರಟ. 1949ರಿಂದ ಯೂಟಾ ರಾಜ್ಯದ ಬಾನೆವಿಲ್ ಉಪ್ಪಿನ ಬಯಲಿನಲ್ಲಿ ವೇಗದ ವಾರ ನಡೆಯತೊಡಗಿತು. 1950ರಲ್ಲಿ ಓಕ್ಲೆಂಡಿನ ಪ್ರದರ್ಶನದಲ್ಲಿ ‘ಅಮೆರಿಕದ ಅತಿ ಸುಂದರ ರೋಡ್‌ಸ್ಟರ್’ ಎಂಬ ಬಹುಮಾನ ಮೊದಲಬಾರಿಗೆ ಬಿಲ್ ನೀಕ್ಯಾಂಪ್‌ನ 1929ರ ಎ ಮಾದರಿಗೆ ಸಂದಿತು. ವೇಗವನ್ನಳೆಯುವ ಗಡಿಯಾರದ ಪಕ್ಕದಲ್ಲಿ ಈಗ ಅಂದವನ್ನಳೆಯುವ ತೀರ್ಪುಗಾರನೂ ಬಂದು ನಿಂತ. ಶೌಕ್ ಶೋಕಿಯತ್ತ ಒಂದು ಹೆಜ್ಜೆ ಇಟ್ಟದ್ದು ಆಗಲೇ ಎನ್ನಬಹುದು. ಆದರೂ ನೀಕ್ಯಾಂಪ್ ತನ್ನ ಕಾರನ್ನು ಕೆರೆಗೂ ಒಯ್ದು ಓಡಿಸಿದ.

1955ರಲ್ಲಿ ಶೆವ್ರೊಲೆ ಕಂಪೆನಿಯ 265 ಘನ ಅಂಗುಲದ ಹೊಸ ವಿ-8 ಬಂದಿತು. ಹಗುರ, ಅಗ್ಗ, ಕಸುವಿನದು. ಫ್ಲಾಟ್‌ಹೆಡ್ಡಿನ ಕಾಲ ಅಲ್ಲಿಗೆ ಮುಗಿಯಿತು. ನಂತರದ ದಶಕಗಳಲ್ಲಿ ಫೈಬರಿನ ಮೈಗಳು ಬಂದವು, ಏರ್ ಕಂಡೀಷನ್ ಬಂದಿತು, 1980ರ ಸುಮಾರಿಗೆ ಇಡೀ ಅಲ್ಯುಮಿನಿಯಂ ಗಟ್ಟಿಯಿಂದ ಕಡೆದ ನುಣುಪು ಭಾಗಗಳೂ ಮೆಲುಬಣ್ಣಗಳೂ ತುಂಬಿದ ಕಾರುಗಳು ಬಂದವು. ಹಣವಿದ್ದವರು ಗ್ಯಾರೇಜಿಗೆ ಚೆಕ್ಕು ಬರೆದು ಕಾರು ತರಿಸಿಕೊಳ್ಳತೊಡಗಿದರು. ಇದಕ್ಕೆ ಎದುರಾಗಿ ಹುಟ್ಟಿದ್ದೇ ಇಂದಿನ ನೇಮಸ್ಥರ ಪಂಗಡ. ಅವರಿಗೊಬ್ಬ ಹಿರಿಯನೂ ಇದ್ದ. ಜಿಮ್ ಜೇಕಬ್ಸ್ ಎಂಬಾತ ನೀಕ್ಯಾಂಪ್‌ನ ರೋಡ್‌ಸ್ಟರನ್ನು ಕೊಂಡು 1970ರ ಆರಂಭದ ವರ್ಷಗಳಲ್ಲೇ ಅದರ ಮೊದಲಿನ ರೂಪಕ್ಕೆ ತಂದಿದ್ದ. ಹಾಟ್ ರಾಡ್ ಒಂದು ಕಾಪಾಡಬೇಕಾದ ವಸ್ತುವೆಂದು ಆಗ ಯಾರೂ ಎಣಿಸಿರಲಿಲ್ಲ. 1997ರಲ್ಲಿ ಪೆಬಲ್ ಬೀಚಿನ ಸಿರಿವಂತರ ಕಾರು ಪ್ರದರ್ಶನ ಮೊದಲಬಾರಿ ಹಾಟ್ ರಾಡುಗಳಿಗೆ ಒಂದು ವರ್ಗವನ್ನೇ ತೆರೆಯಿತು. ಅಲ್ಲಿ ಗೆದ್ದದ್ದು ಡೋನ್ ಸ್ಪೆನ್ಸರ್ 1940ರ ದಶಕದಲ್ಲಿ ಕಟ್ಟಿದ, ಮುಂದಿನ ಗಾಜು ಎರಡು ಮಡಿಕೆಯಾಗಿ ಹಿಂದಕ್ಕೆ ಒರಗಿದ ಕಪ್ಪು 1932 ರೋಡ್‌ಸ್ಟರ್.

ಇಲ್ಲಿ ನಮಗೆ ಮುಖ್ಯವೆನಿಸುವ ಒಂದು ತಕರಾರಿದೆ. ಬಾಬ್ ಮೆಗೀ ಎಂಬ ಯುವಕ ಯುದ್ಧದಿಂದ ಮರಳಿ ತನ್ನ 1932ರ ರೋಡ್‌ಸ್ಟರನ್ನು ಬಲು ಅಚ್ಚುಕಟ್ಟಾಗಿ ಕಟ್ಟಿದ. ಬಾಗಿಲಿನ ಕೀಲುಗಳನ್ನು ಒಳಗೆ ಅಡಗಿಸಿ, ಕೆಂಪು ಬಣ್ಣ ಹೊಡೆದ. 1948ರ ಅಕ್ಟೋಬರಿನ ‘ಹಾಟ್ ರಾಡ್’ ಮುಖಪುಟದಲ್ಲಿ ಅದೇ ಕಾರು. 1950ರ ದಶಕದಲ್ಲಿ ಅದು ಡಿಕ್ ಸ್ಕ್ರಿಚ್‌ಫೀಲ್ಡ್ ಎಂಬಾತನ ಕೈಗೆ ಬಂದಿತು. ಆತ ಅದಕ್ಕೆ ಶೆವ್ರೊಲೆ ಎಂಜಿನ್ನು ಹಾಕಿದ, ಲೋಹದ ಚೂರುಗಳು ಮಿನುಗುವ ಬಣ್ಣ ಹೊಡೆದ, ಸಿನಿಮಾ ಟೀವಿಗಳಲ್ಲಿ ಓಡಿಸಿದ, ಬಾನೆವಿಲ್‌ನಲ್ಲಿ ಗಂಟೆಗೆ 167 ಮೈಲಿಗೂ ಹೆಚ್ಚಿನ ವೇಗದ ದಾಖಲೆ ಮಾಡಿದ. ಮೆಗೀ ಹೊಂದಿದ್ದಕ್ಕಿಂತ ಎಷ್ಟೋ ಹೆಚ್ಚು ಕಾಲ ಆ ಕಾರು ಸ್ಕ್ರಿಚ್‌ಫೀಲ್ಡ್‌ನದಾಗಿತ್ತು. ಮುಂದೆ ಸಂಗ್ರಾಹಕರೊಬ್ಬರು ಅದನ್ನು ಮತ್ತೆ 1948ರ ರೂಪಕ್ಕೆ ತರಿಸಿದರು. ಫ್ಲಾಟ್‌ಹೆಡ್ ಮರಳಿತು, ಕೆಂಪು ಬಣ್ಣ ಮರಳಿತು. ಇಂದು ಅದು ಅಮೆರಿಕದ ಚಾರಿತ್ರಿಕ ವಾಹನಗಳ ದಾಖಲೆಯಲ್ಲಿ ಸೇರಿದೆ.

ಕೆಲಸ ಅಪ್ಪಟವಾಗಿದೆ ಎಂಬುದರಲ್ಲಿ ನಮಗೆ ಅನುಮಾನವಿಲ್ಲ. ಆದರೆ ಒಂದು ಇಸವಿಯನ್ನು ಎತ್ತಿ ನಿಲ್ಲಿಸಲು ದಾಖಲೆಯ ಓಟವನ್ನೂ ಸೇರಿಸಿ ಹಲವು ದಶಕಗಳನ್ನು ಉಜ್ಜಿ ತೆಗೆಯಲಾಯಿತಲ್ಲ, ಅದಕ್ಕೆ ಏನೆನ್ನಬೇಕು? ಹಳೆಯ ಕಟ್ಟಡಗಳ ವಿಷಯದಲ್ಲಿಯೂ ಇದೇ ಪ್ರಶ್ನೆ ಏಳುತ್ತದೆ. ಯಾವ ಪದರವನ್ನು ಅಸಲಿ ಎಂದು ಇಟ್ಟುಕೊಳ್ಳಬೇಕು, ಯಾವುದನ್ನು ಆಮೇಲಿನದೆಂದು ಕೆಡವಬೇಕು ಎಂಬ ಪ್ರಶ್ನೆ. ಕಟ್ಟಡಗಳಲ್ಲಿ ಅದು ರಕ್ತಕ್ಕೂ ಕಾರಣವಾಗುತ್ತದೆ. ಕಾರಿನಲ್ಲಿ ಹಾಗಾಗುವುದಿಲ್ಲವೆಂಬುದೇ ಸಮಾಧಾನ. ಹಾಟ್ ರಾಡ್ ಎಂಬುದು ಮೂಲದಲ್ಲೇ ಕಾರ್ಖಾನೆಯ ಅಸಲಿತನವನ್ನು ಮುರಿದು ಹುಟ್ಟಿದ್ದು. 1948ರ ಹುಡುಗನಿಗೆ 1955ರ ಎಂಜಿನ್ನು ಸಿಕ್ಕಿದ್ದರೆ ಫ್ಲಾಟ್‌ಹೆಡ್ಡನ್ನು ಆ ರಾತ್ರಿಯೇ ಗುಜರಿಗೆ ಎಸೆಯುತ್ತಿದ್ದ. ಆ ಲೆಕ್ಕದಲ್ಲಿ ನೋಡಿದರೆ ಸ್ಕ್ರಿಚ್‌ಫೀಲ್ಡನೇ ಸಂಪ್ರದಾಯಕ್ಕೆ ಹೆಚ್ಚು ನಿಷ್ಠ.

ಹಾಗೆಂದು ನೇಮಸ್ಥರ ಮೇಲಿನ ನಮ್ಮ ಮೆಚ್ಚುಗೆ ಕುಂದುವುದಿಲ್ಲ. ಇಂದು ಒಹಾಯೊದ ಬ್ರೂಕ್‌ವಿಲ್ ಎಂಬಲ್ಲಿ 1932ರ ರೋಡ್‌ಸ್ಟರಿನ ಇಡೀ ಉಕ್ಕಿನ ಮೈಯನ್ನೇ ಹೊಸದಾಗಿ ಒತ್ತಿ ಮಾರುತ್ತಾರೆ. ಚಾಸಿ ಹೊಸದು ಸಿಗುತ್ತದೆ, ಸ್ಟ್ರಾಂಬರ್ಗ್ ಕೂಡ ಹೊಸದು ಸಿಗುತ್ತದೆ. ಫೋರ್ಡ್ ಕಂಪೆನಿಯ ಒಂದು ಬಿಲ್ಲೆಯೂ ಇಲ್ಲದೆ 1932ರ ಫೋರ್ಡನ್ನು ಕಟ್ಟಬಹುದು. ಬಣ್ಣವನ್ನು ಬೇಕೆಂದೇ ಉಜ್ಜಿ, ತುಕ್ಕನ್ನು ಬೇಕೆಂದೇ ಬರಿಸಿ ಹಳೆಯದೆಂದು ತೋರಿಸುವವರೂ ಇದ್ದಾರೆ. ನಮಗೆ ಅದು ಹರಿದ ಬಟ್ಟೆಯನ್ನು ದುಬಾರಿ ಅಂಗಡಿಯಲ್ಲಿ ಕೊಂಡಂತೆ ಕಾಣುತ್ತದೆ. ಇವುಗಳ ನಡುವೆ ಒಬ್ಬಾತ 1939ರ ಬ್ರೇಕ್ ಡ್ರಮ್ಮಿಗಾಗಿ ಎರಡು ರಾಜ್ಯ ದಾಟಿ ಹೋಗಿ, ಯಾವುದೋ ತೋಟದ ಹಿತ್ತಲಿನ ಹುಲ್ಲಿನೊಳಗಿಂದ ಅದನ್ನು ಎತ್ತಿ ತಂದು, ವಾರಗಟ್ಟಲೆ ಉಜ್ಜುತ್ತಾನೆ. ಸೀಳಿದ ಫ್ಲಾಟ್‌ಹೆಡ್ ಒಡಲಿಗೆ ಬಿರುಕಿನ ಉದ್ದಕ್ಕೂ ರಂಧ್ರ ಕೊರೆದು, ಒಂದಕ್ಕೊಂದು ಕಚ್ಚಿಕೊಳ್ಳುವ ತಿರುಪು ಮೊಳೆಗಳನ್ನು ಸಾಲಾಗಿ ಕೂರಿಸಿ, ಬಟ್ಟೆ ಹೊಲಿದಂತೆ ಕಬ್ಬಿಣವನ್ನು ಹೊಲಿಯುತ್ತಾನೆ. ಆ ವಿದ್ಯೆ ಬಲ್ಲವರು ಈಗ ಕಡಿಮೆ. ಹೊಲಿದ ಒಡಲಿಗೆ ನೀರು ತುಂಬಿ ಒತ್ತಡ ಕೊಟ್ಟು, ಸೋರುತ್ತದೆಯೋ ಎಂದು ಕಾಯುತ್ತ ಕೂರುತ್ತಾನೆ. ಸೋರಿದರೆ ಮತ್ತೆ ಕೊರೆಯಬೇಕು.